ವಫ್ರಾದ ಗಾಳಿಯಲ್ಲಿ ಒಂದು ಸೆಟ್

ಫೆಬ್ರವರಿ 14, ಶುಕ್ರವಾರ

ಇವತ್ತೂ ತ್ರೋಬಾಲ್ ಪ್ರಾಕ್ಟೀಸ್. ಸಾಲ್ಮಿಯಾದಲ್ಲಿ ನಮ್ಮ ಬಿಲ್ಡಿಂಗ್ ಹಿಂದಿನ ಮರಳು ಪಾರ್ಕಿಂಗ್. ಎರಡು ಕಾರುಗಳ ನಡುವೆ ಹಗ್ಗ, ಅದೇ ನೆಟ್. ಝುಬೈದಾ ಎಗೈಲಾದಿಂದ ಬಂದಳು — ಅಲ್ಲಿನ ಮಾಲ್‌ನಲ್ಲಿ ಸೆಂಟ್ ಮಾರುತ್ತಾಳೆ, ಮಧ್ಯಾಹ್ನ ಡ್ಯೂಟಿ. ಅಪ್ಪಿ ರುಮೈಥಿಯಾದಿಂದ ನಡೆದೇ ಬಂದಳು. ಅಲ್ಲೊಂದು ಕುವೈತಿ ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಅಪ್ಪಿಗೆ ವಯಸ್ಸು ಐವತ್ತು ದಾಟಿದೆ. ಎಸೆಯುವ ಚೆಂಡಿಗೆ ಮಾತ್ರ ಇಪ್ಪತ್ತು.

ಕುವೈತ್‌ನ ನಮ್ಮ ಊರವರ ಸಂಘದ ಸ್ಪ್ರಿಂಗ್ ಪಿಕ್ನಿಕ್ 26ಕ್ಕೆ, ವಫ್ರಾದ ತೋಟದಲ್ಲಿ. ಹೋದ ವರ್ಷ ಕ್ರಿಕೆಟ್ ಫೈನಲ್ ಉದ್ದವಾಗಿ ಹೆಂಗಸರ ತ್ರೋಬಾಲ್ ರದ್ದು. ಅದರ ಹಿಂದಿನ ವರ್ಷ ಊಟ ತಡವಾಗಿ ರದ್ದು. ಈ ಸಲ ಕಾರ್ಯಕ್ರಮ ಪಟ್ಟಿಯಲ್ಲೇ ಹಾಕಿಸಿದ್ದೇನೆ. ಸುಮಿತ್ ಸ್ಪೋರ್ಟ್ಸ್ ಸೆಕ್ರೆಟರಿ. ಸ್ಪೋರ್ಟ್ಸ್ ಸೆಕ್ರೆಟರಿಯ ಹೆಂಡತಿಗೆ ಇಷ್ಟಾದರೂ ಆಗದಿದ್ದರೆ ಹೇಗೆ...

ಅಪ್ಪಿ ಜನವರಿಯಲ್ಲೇ ಆ ಮನೆಯ ಮೇಡಂ ಹತ್ತಿರ ರಜೆ ಕೇಳಿಟ್ಟಿದ್ದಾಳೆ. ಸಿಕ್ಕಿದೆ. ಒಂದು ಪೂರ್ತಿ ದಿನ. ಅದನ್ನು ಮೂರು ಸಲ ಹೇಳಿದಳು.

ಫೆಬ್ರವರಿ 22, ಶನಿವಾರ. ಕ್ಲಿನಿಕ್‌ನಲ್ಲಿ

ಪೇಶೆಂಟ್ ಇಲ್ಲ. ರಿಸೆಪ್ಶನ್ ಡೆಸ್ಕ್ ಹಿಂದೆ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಯಾರಿಗಾದರೂ ಬೈಯುತ್ತೇನೆ.

ಹವಾಮಾನದ ಮುನ್ಸೂಚನೆ ಬಂದಿದೆ. ಮುಂದಿನ ವಾರವಿಡೀ ಚಳಿ. ಮರುಭೂಮಿಯಲ್ಲೂ ತೋಟಗಳ ಕಡೆಯೂ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬೀಳಬಹುದು. ವಾಯವ್ಯದಿಂದ ಜೋರು ಗಾಳಿ, ಧೂಳು. ಅದರ ಬೆನ್ನಿಗೇ ಗ್ರೂಪಿನಲ್ಲಿ ಅಧ್ಯಕ್ಷರ ಸರ್ಕ್ಯುಲರ್. ಬರ್ನಾರ್ಡ್ ಸರ್ ಇಂಗ್ಲಿಷಿನಲ್ಲಿ ಬರೆದಿದ್ದಾರೆ: ಹವಾಮಾನದ ಕಾರಣ ಮಹಿಳೆಯರ ಮತ್ತು ಮಕ್ಕಳ ಹೊರಾಂಗಣ ಆಟಗಳು ರದ್ದು. ಬದಲಿಗೆ ಟೆಂಟಿನೊಳಗೆ ಅಂತ್ಯಾಕ್ಷರಿ. ಕ್ರಿಕೆಟ್ ನಿಗದಿಯಂತೆ ನಡೆಯುವುದು.

ಮೂವತ್ತು ಜನ ಥಂಬ್ಸ್‌ಅಪ್ ಹಾಕಿದ್ದಾರೆ. ಅದರಲ್ಲಿ ಸುಮಿತ್ ಕೂಡ.

ಅದೇ ದಿನ, ಊಟದ ನಂತರ

ಸುಮಿತ್‌ಗೆ ಕೇಳಿದೆ. "ಆ ಫ್ರಾಸ್ಟ್ ಗಂಡಸರಿಗೆ ಬೀಳುದಿಲ್ವಾ?"

"ನೀನು ಎಂತ ಮಾರಾಯ್ತಿ. ಕ್ರಿಕೆಟಿಗೆ ಸ್ಪಾನ್ಸರ್ ಬರ್ತಾರೆ. ಕ್ಯಾನ್ಸಲ್ ಮಾಡ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ಅದು ಹವಾಮಾನ ಅಲ್ಲ."

"ನಿನ್ನ ಮೊಣಗಂಟು ನೋವು. ಆ ಚಳಿಗೆ ಬಿದ್ರೆ ಯಾರು ಜವಾಬ್ದಾರಿ? ರಂಜಾನ್ ಮುಗೀಲಿ, ಆಮೇಲೆ ನೋಡುವ."

ರಂಜಾನ್ ಮುಗಿಯುವಾಗ ಏಪ್ರಿಲ್. ಆಮೇಲೆ ಬಿಸಿಲು. ಬಿಸಿಲಿನಲ್ಲಿ ಇಲ್ಲಿ ನಾಯಿಯೂ ಹೊರಗೆ ಬರುವುದಿಲ್ಲ. ಅದು ಅವರಿಗೂ ಗೊತ್ತು.

ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಜಸ್ಟ್ ಪ್ಲೇ, ಅಮ್ಮಾ. ಇಟ್ಸ್ ಓನ್ಲಿ ವಿಂಡ್."

ಫೆಬ್ರವರಿ 23, ಭಾನುವಾರ

ಝುಬೈದಾಗೆ ಫೋನ್. ಅವಳದ್ದು ಒಂದೇ ಮಾತು: "ಅವ್ರು ಬರುವ ಮೊದ್ಲು ಆಡಿದ್ರೆ ಆಯ್ತಲ್ಲ. ಗ್ರೌಂಡಿಗೆ ಬೀಗ ಉಂಟಾ?"

ಬೀಗ ಇಲ್ಲ. ಕ್ರಿಕೆಟ್ ಒಂಬತ್ತಕ್ಕೆ. ನಾವು ಏಳಕ್ಕೇ ಅಲ್ಲಿರಬೇಕು.

ಅಪ್ಪಿಗೆ ವಾಯ್ಸ್ ಮೆಸೇಜ್ ಹಾಕಿದೆ, ತುಂಬಾ ಚಳಿ ಅಂತೆ, ನಿನಗೆ ಕಷ್ಟವಾದರೆ ಬೇಡ ಎಂದು. ಸಂಜೆ ಉತ್ತರ ಬಂತು. ಹಿಂದೆ ನೀರಿನ ಸದ್ದು. "ಅಕ್ಕಾ, ಇವತ್ತು ಬೆಳಕು ಹರಿಯುವ ಮೊದ್ಲು ಅಂಗಳ ತೊಳ್ದೆ, ಎರಡು ಕಾರು ತೊಳ್ದೆ. ಆಗ ಯಾರೂ ಫ್ರಾಸ್ಟ್ ಉಂಟು, ಒಳಗೆ ಕೂತ್ಕೊ ಅಂತ ಹೇಳ್ಲಿಲ್ಲ. ಆಡುವಾಗ ಮಾತ್ರ ಚಳಿ ಆಗ್ತದಾ?"

ಎರಡು ಸಲ ಕೇಳಿದೆ. ಆಮೇಲೆ ತ್ರೋಬಾಲ್ ಆಡುವವರಿಗೆಲ್ಲ ಫಾರ್ವರ್ಡ್ ಮಾಡಿದೆ.

ಫೆಬ್ರವರಿ 25, ಮಂಗಳವಾರ

ಸುಮಿತ್‌ಗೆ ಹೇಳಿಬಿಟ್ಟೆ. ಕದ್ದು ಹೋಗುವ ಪೈಕಿ ಅಲ್ಲ ನಾನು. ಕಾರು ನನಗೆ ಬೇಕು, ನೀವು ಬರ್ನಾರ್ಡ್ ಸರ್ ಜೊತೆ ಬನ್ನಿ ಎಂದೆ.

"ನೀನು ಹೋದ್ರೆ ನನ್ನ ಮರ್ಯಾದೆ ಎಂತ ಆಗ್ತದೆ?"

"ಹಿಂದಿನ ಸೀಟಲ್ಲಿ ಜಾಗ ಉಂಟು. ಅದನ್ನೂ ಕರ್ಕೊಂಡು ಹೋಗ್ತೇನೆ."

ಸುಮಿತ್ ಟ್ರೋಫಿಗಳ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ತಂದಿಟ್ಟು ಮಲಗಲು ಹೋದರು. ಅದರಲ್ಲಿ ನಮ್ಮದೊಂದೂ ಇಲ್ಲ. ನೋಡಿದೆ.

ಫೆಬ್ರವರಿ 26, ಬುಧವಾರ. ವಫ್ರಾ, ಕಾರಿನೊಳಗೆ

ಬೆರಳು ಮಡಚುತ್ತಿಲ್ಲ. ಅಕ್ಷರ ಸೊಟ್ಟ. ಇರಲಿ.

ಬದನೆ ಎಲೆಗಳ ಮೇಲೆಲ್ಲ ಬಿಳಿ ಇಬ್ಬನಿ, ಮುಟ್ಟಿದರೆ ಚುರುಕೆನ್ನುತ್ತದೆ. ಪೈಪಿನಲ್ಲಿ ನೀರು ಗಟ್ಟಿ. ಹದಿನಾಲ್ಕು ಜನ ಬರಬೇಕಿತ್ತು, ಒಂಬತ್ತು ಬಂದಿದ್ದೇವೆ. ಉಳಿದವರ ಫೋನು ಗಂಡಂದಿರು ಎತ್ತಿದರು.

ಅಪ್ಪಿ ಬಂದಿದ್ದಾಳೆ. ಜಾಕೆಟ್ ಒಳಗೆ ಮನೆಕೆಲಸದ ಯೂನಿಫಾರ್ಮ್. ದಾರಿಯಲ್ಲಿ ಹೇಳಿದಳು — ರಾತ್ರಿ ಮೇಡಂ ಮಾತು ಬದಲಿಸಿದರಂತೆ. ಗಾಳಿ ಉಂಟು, ಕಾಯಿಲೆ ತರುತ್ತಿ, ಅಜ್ಜಿಗೆ ಹರಡುತ್ತಿ, ಹೋಗುವುದು ಬೇಡ.

"ನೀನೇನು ಹೇಳಿದೆ?"

"ಆಯ್ತು ಅನ್ಲಿಲ್ಲ. ಬೆಳಿಗ್ಗೆ ಅಜ್ಜಿಗೆ ಚಹಾ ಕೊಟ್ಟೆ, ಮದ್ದು ಕೊಟ್ಟೆ, ಮೇಡಂ ಮಗಳನ್ನು ಎಬ್ಬಿಸಿ ಅಜ್ಜಿ ಹತ್ರ ಕೂರಿಸ್ದೆ. ಗೇಟ್ ತೆಗ್ದು ಬಂದೆ."

ಓಡಿಹೋದಳು ಎಂದು ಕೇಸ್ ಹಾಕಿದರೆ... ವಾಪಸ್ ಬಿಟ್ಟುಬರಲಾ ಎಂದು ಕೇಳಿದೆ. ಅವಳು ಸೀಟ್‌ಬೆಲ್ಟ್ ಬಿಗಿ ಮಾಡಿಕೊಂಡಳು, ಅಷ್ಟೆ.

ಕರೆಯುತ್ತಿದ್ದಾರೆ.

ಅದೇ ದಿನ, ಮನೆ

ಆಡಿದೆವು. ಬರೆದಿಡುತ್ತೇನೆ, ಯಾರೂ ಇಲ್ಲ ಎನ್ನಬಾರದು.

ಐದು ಜನ ಆಚೆ, ನಾಲ್ಕು ಜನ ಈಚೆ. ಮೊದಲ ಸೆಟ್‌ಗೆ ಗಾಳಿ ಇರಲಿಲ್ಲ, ಚಳಿ ಮಾತ್ರ. ಚೆಂಡು ಕಲ್ಲಿನ ಹಾಗೆ ಕೈಗೆ ಬಡಿಯುತ್ತಿತ್ತು. ಎರಡನೆಯದಕ್ಕೆ ಗಾಳಿ ಎದ್ದಿತು. ಒಂದು ಕಂಬ ಬಿತ್ತು. ಎತ್ತಿ ನೆಟ್ಟೆವು, ಮತ್ತೆ ಬಿತ್ತು. ಝುಬೈದಾ ಕಾರು ತಂದು ನಿಲ್ಲಿಸಿ ಅದರ ಕನ್ನಡಿಗೆ ಹಗ್ಗ ಕಟ್ಟಿದಳು. ಎಸೆದ ಚೆಂಡು ಎಸೆದವಳ ಕೈಗೇ ಬರುತ್ತಿತ್ತು. ಧೂಳು ಬಾಯಿಗೆ. ನಗು ನಿಲ್ಲುತ್ತಿರಲಿಲ್ಲ.

ಆಗ ಗಂಡಸರು ಬಂದರು. ಬರ್ನಾರ್ಡ್ ಸರ್ ಮಫ್ಲರ್ ಹಿಡಿದುಕೊಂಡು ನೇರ ಕೋರ್ಟಿನೊಳಗೆ.

"ನವ್ಯಶ್ರೀ, ಸರ್ಕ್ಯುಲರ್ ಓದ್ಲಿಲ್ವಾ?"

"ಓದಿದ್ದೇನೆ ಸರ್. ಗಾಳಿ ಓದ್ಲಿಲ್ಲ. ಅದಕ್ಕೆ ಗಂಡಸು ಹೆಂಗಸು ಗೊತ್ತಾಗ್ಲಿಲ್ಲ."

"ಯಲ್ಲಾ, ನಡೀರಿ, ಸಾಕು. ಗ್ರೌಂಡ್ ಖಾಲಿ ಮಾಡಿ. ಪಿಚ್ ಹಾಕ್ಲಿಕ್ಕುಂಟು."

ಯಾರೂ ಕದಲಲಿಲ್ಲ. ಅಪ್ಪಿ ಚೆಂಡನ್ನು ಎದೆಗೆ ಹಿಡಿದು ಸರ್ವಿಸ್ ಗೆರೆಯಲ್ಲೇ ನಿಂತಿದ್ದಳು. ಬರ್ನಾರ್ಡ್ ಸರ್ ಸುಮಿತ್ ಕಡೆ ತಿರುಗಿದರು. ನಾನೂ ತಿರುಗಿದೆ. ಸುಮಿತ್ ನೆಲ ನೋಡಿದರು. ಆಮೇಲೆ — "ಇನ್ನು ನಾಲ್ಕು ಪಾಯಿಂಟ್ ಉಂಟು ಸರ್. ಮುಗಿಸ್ಲಿ."

ಅಷ್ಟೇ ಹೇಳಿದ್ದು. ಇವತ್ತಿಗೆ ಸಾಕು. ಪ್ರತಿ ಸಲವೂ ಇಷ್ಟೇ ಸಾಕಾಗುವುದಿಲ್ಲ.

ಅಪ್ಪಿಯ ತಂಡ ಗೆದ್ದಿತು. ನಾನು ಸೋತೆ. ಮೊಣಗಂಟು ಊದಿದೆ, ಸುಮಿತ್‌ಗೆ ತೋರಿಸುವುದಿಲ್ಲ. ಕ್ರಿಕೆಟ್ಟೂ ನಡೆಯಿತು. ಸ್ಪಾನ್ಸರ್ ಕಾರಿನಿಂದ ಇಳಿಯಲೇ ಇಲ್ಲ.

ಅಪ್ಪಿಯನ್ನು ಸಂಜೆ ಗೇಟಿನ ತನಕ ಬಿಟ್ಟೆ. ಒಳಗೆ ಹೋದವಳು ತಿರುಗಿ ನೋಡಲಿಲ್ಲ.

ಮಾರ್ಚ್ 3, ಸೋಮವಾರ

ಅಪ್ಪಿಯ ಫೋನ್ ಅಂದಿನಿಂದ ಸ್ವಿಚ್ ಆಫ್. ಊರಿನಿಂದ ಅವಳ ತಂಗಿ ನನಗೆ ಫೋನ್ ಮಾಡಿದಳು. ಏನು ಹೇಳಲಿ...

ಸುಮಿತ್ ಹೇಳಿದರು: "ಅವರ ಮನೆ ವಿಷಯ. ನೀನು ವೀಸಾ ಕೊಟ್ಟ ಕಫೀಲ್ ಬಾಗಿಲಿಗೆ ಹೋದ್ರೆ ಅವಳಿಗೇ ಕಷ್ಟ." ಸುಳ್ಳಲ್ಲ. ಅದೇ ಹೆದರಿಕೆಯಲ್ಲಿ ನಾಲ್ಕು ದಿನ ಕೂತಿದ್ದೆ. ಐದನೆಯ ದಿನ ಕೂರಲಾಗಲಿಲ್ಲ.

ಝುಬೈದಾ ಉಪವಾಸದಲ್ಲೇ ಬಂದಳು. ಬೆಲ್ ಮಾಡಿದೆವು. ಮೇಡಂ ತಾವೇ ಬಾಗಿಲು ತೆಗೆದರು. ನನಗಿಂತ ಚಿಕ್ಕವರು, ಒಳ್ಳೆಯ ಇಂಗ್ಲಿಷ್.

ಕೇಳದೆ ಹೋದಳು ಎಂದರು. ಜನವರಿಯಲ್ಲೇ ಕೇಳಿದ್ದಳು, ನೀವು ಆಗಲಿ ಎಂದಿದ್ದಿರಿ ಎಂದೆ. ಅಂಥ ಹವಾಮಾನದಲ್ಲಿ ಅವಳಿಗೆ ಏನಾದರೂ ಆಗಿದ್ದರೆ ಯಾರು ಜವಾಬ್ದಾರಿ ಎಂದರು. ನಾನು ಎಂದೆ. ನನ್ನ ಸಿವಿಲ್ ಐಡಿ ಕಾರ್ಡು ತೆಗೆದು ಅವರ ಮುಂದೆ ಹಿಡಿದೆ. ಕೆಳಗಿಳಿಸಲಿಲ್ಲ.

ಆಗ ಅಪ್ಪಿ ಹಿಂದಿನಿಂದ ಬಂದಳು. ಚೆನ್ನಾಗಿದ್ದಾಳೆ. ಸಣ್ಣಗಾಗಿದ್ದಾಳೆ ಅನಿಸಿತು, ನನ್ನ ಕಣ್ಣೇ ಇರಬಹುದು. ತುಳುವಿನಲ್ಲಿ ಹೇಳಿದಳು, "ಫೋನ್ ಕಪಾಟಲ್ಲಿಟ್ಟು ಬೀಗ ಹಾಕಿದ್ದಾರೆ ಅಕ್ಕಾ. ನಾನು ಅಳ್ಲಿಲ್ಲ." ಹಾಗೆ ಹೇಳಿ, ತಾನು ಮಾಮಾ ಎಂದೇ ಕರೆಯುವ ಮೇಡಂ ಕಡೆ ಕೈ ಚಾಚಿದಳು. "ತೆಲಿಫೋನ್, ಮಾಮಾ."

ಅಪ್ಪಿ ಕೈ ಇಳಿಸಲಿಲ್ಲ. ಒಳಗಿನ ಕೋಣೆಯಿಂದ ಅಜ್ಜಿ ಅಪ್ಪಿಯ ಹೆಸರು ಹಿಡಿದು ಕರೆಯತೊಡಗಿದರು. ಒಂದು ಸಲ, ಎರಡು ಸಲ. ಅಪ್ಪಿ ಓಗೊಡಲಿಲ್ಲ, ಕದಲಲೂ ಇಲ್ಲ. ಕೊನೆಗೆ ಮೇಡಂ ಒಳಗೆ ಹೋಗಿ ಫೋನ್ ತಂದು ಅವಳ ಕೈಗೆ ಹಾಕಿದರು. "ಖಲಾಸ್" ಎಂದರು.

"ಮಾಫಿ ಖಲಾಸ್," ಎಂದಳು ಅಪ್ಪಿ, ಮೆಲ್ಲಗೆ. ಮುಗಿದಿಲ್ಲ ಅಂತ. "ಕುಲ್ ಜುಮಾ, ಛುಟ್ಟಿ." ಪ್ರತಿ ಶುಕ್ರವಾರ ರಜೆ. ಆಮೇಲೆಯೇ ಅಜ್ಜಿಯ ಹತ್ತಿರ ಹೋದದ್ದು.

ಮೇಡಂ ಹೂಂ ಅನ್ನಲಿಲ್ಲ. ಊಹೂಂ ಕೂಡ ಅನ್ನಲಿಲ್ಲ.

ಕಾರಿನಲ್ಲಿ ಝುಬೈದಾ ಅತ್ತಳು. ನನಗೆ ಬರಲಿಲ್ಲ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ

ಮತ್ತೆ ಗಾಳಿ. ಕಿಟಕಿ ಸಂದಿಯಲ್ಲಿ ಶಿಳ್ಳೆ. ಫೋರ್‌ಕಾಸ್ಟ್ ನೋಡಲಿಲ್ಲ.

ಅಪ್ಪಿಯ ಮೆಸೇಜ್ ಇಲ್ಲ. ಫೋನ್ ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ದಾರಿಯಲ್ಲಿರಬಹುದು. ಗೇಟಿನೊಳಗೇ ಇರಬಹುದು.

ಸುಮಿತ್ ಮೀಟಿಂಗಿನಿಂದ ತಂದ ಸುದ್ದಿ: ಮುಂದಿನ ವರ್ಷದಿಂದ ಹೆಂಗಸರಿಗೆ ತ್ರೋಬಾಲ್ ಇಲ್ಲ, ಶಿಸ್ತಿನ ಪ್ರಶ್ನೆಯಂತೆ. ನಾನು ಎರಡು ಗೆರೆ ಕ್ಷಮಾಪಣೆ ಬರೆದುಕೊಟ್ಟರೆ ಯೋಚಿಸುತ್ತಾರಂತೆ. ಅದನ್ನು ತೆಗೆದುಕೊಳ್ಳಲು ಬರ್ನಾರ್ಡ್ ಸರ್ ಇವತ್ತು ತಾವೇ ಮನೆಗೆ ಬರುತ್ತಾರಂತೆ. "ಎರಡು ಗೆರೆ ಅಲ್ವಾ" ಎಂದರು ಸುಮಿತ್. ಬರೆದೆ. ಒಂದೇ ಗೆರೆ: ಮುಂದಿನ ವರ್ಷವೂ ಏಳಕ್ಕೇ ಬರುತ್ತೇವೆ. ಕ್ಷಮಾಪಣೆ ಅಲ್ಲ. ಸುಮಿತ್ ಓದಿದರು, ಹರಿಯಲಿಲ್ಲ, ಮಡಚಿ ಮೇಜಿನ ಮೇಲಿಟ್ಟು ಶೇವ್ ಮಾಡಲು ಹೋದರು.

ಬೆಲ್ ಆಯಿತು. ಅಪ್ಪಿಯಾದರೆ ಚಹಾ ಇಡಬೇಕು. ಬರ್ನಾರ್ಡ್ ಸರ್ ಆದರೆ ಆ ಒಂದು ಗೆರೆ ಕೈಗೆ ಕೊಡಬೇಕು.