ಹೇಳದೆ ಬಿಟ್ಟ ಕೊನೆಯ ಸಾಲು

ಡಿಸೆಂಬರ್ ೧೧, ಗುರುವಾರ

ನನ್ನ ಜೊತೆ ನಟಿಸುವ ನಸ್ರೀನ್ ಆಡಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಇವತ್ತು ಕೊನೆಯ ತಾಲೀಮು. ಸಮುದ್ರದೊಳಗೆ ಚಾಚಿದ ಮರದ ಸೇತುವೆ, ಅದರ ತುದಿಯಲ್ಲಿ ನಮ್ಮ ರಂಗಮಂದಿರ. ಮಂಜಿನಲ್ಲಿ ಎಲ್ಲವೂ ಮೆಲ್ಲಗೆ ತೇಲಿಹೋಗುವಂತಿತ್ತು. ಹಲಗೆಗಳ ಕೆಳಗೆ ಅಲೆಗಳು, ಎಲ್ಲೋ ದೂರದಲ್ಲಿ ಜನ ಚಪ್ಪಾಳೆ ತಟ್ಟಿದ ಹಾಗೆ. ಕ್ರಿಸ್‌ಮಸ್ ನಾಟಕದಲ್ಲಿ ಗಂಡಸಾದ ನನಗೆ ಎಂದಿನಂತೆ ನಗಿಸುವ ಮುದುಕಿಯ ವೇಷ, ನಸ್ರೀನ್ ಕಿನ್ನರಿ. ಕೊನೆಯ ಸಾಲನ್ನು ಇಬ್ಬರೂ ಸೇರಿ ಹೇಳಬೇಕು. ಆದರೆ ಪ್ರೇಕ್ಷಕರಿಲ್ಲದೆ ಅದನ್ನು ಹೇಳಿದರೆ ಕೇಡು ಎಂದು ನಮ್ಮ ರಂಗದವರ ನಂಬಿಕೆ. "ಲಾ ಲಾ ಲಾ" ಎಂದು ಗುನುಗಿ ಮುಗಿಸಿದೆವು.

ವೇಷ ಕಳಚುವಾಗ ಸುಮ್ಮನೆ ಕೇಳಿದೆ: "ಚಿಕ್ಕವಳಿದ್ದಾಗ ನನ್ನನ್ನ ಟೀವೀಲಿ ನೋಡ್ತಿದ್ಯಾ?"

"ನೋಡ್ದೆ ಇರ್ತೀನಾ ಲೆನ್? ಬಿಳಿ ಮುಖಕ್ಕೆ ಕಂದು ಬಣ್ಣ ಬಳ್ಕೊಂಡು, ನಮ್ಮಪ್ಪನ ಥರಾನೇ ಅಂಗಡಿ ಇಟ್ಟಿದ್ರಲ್ಲ!"

"ನಗು ಬರ್ತಿತ್ತಾ?"

"ನಮ್ಮನೇಲಿ ಯಾರೂ ನಗ್ತಿರ್ಲಿಲ್ಲ. ಮಾರನೇ ದಿನ ಸ್ಕೂಲಲ್ಲಿ ನಾನು ಬಾಯಿ ಬಿಟ್ರೆ ಸಾಕು, ಎಲ್ರೂ ನಿಮ್ಮ ಆ ಅಂಗಡಿಯವನ ಥರ ಮಾತಾಡಿ ನಗೋರು."

ಅಷ್ಟು ಹೇಳಿ, ನನ್ನ ಕೈಗೆಟುಕದ ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿಕೊಟ್ಟಳು.

ಆ ಅಂಗಡಿಯವನ ವೇಷಕ್ಕೆ ಪತ್ರಿಕೆಗಳು ಉಗಿದಾಗ, ಟೀವಿಯವರು ಕೈಬಿಟ್ಟಾಗ ಊರೆಲ್ಲ ಜಗಳವಾಡಿದವನು ನಾನು. ಇವತ್ತು ವೇಷ ಮಡಚಿಟ್ಟು ಹೊರಟುಬಂದೆ. ಮಂಜಿನಲ್ಲಿ ಮನೆಗೆ ನಡೆಯುತ್ತಾ ಕ್ಷಮೆ ಕೇಳುವ ಮಾತನ್ನು ಅಭ್ಯಾಸ ಮಾಡಿದೆ. ಅದರ ಕೊನೆಯ ಸಾಲಿಗೆ ಬಂದಾಗಲೆಲ್ಲ ಗುನುಗಿ ಬಿಟ್ಟೆ. ಪ್ರೇಕ್ಷಕರಿಲ್ಲವಲ್ಲ, ಕೇಡು ಎಂಬ ನೆಪ.

ನಾಳೆ ಐನೂರು ಜನ ಬರುತ್ತಾರೆ. ಈ ಕ್ಷಮೆಯ ಮಾತಿಗೆ ಬೇಕಾಗಿದ್ದ ಪ್ರೇಕ್ಷಕಿ ಒಬ್ಬಳೇ. ಅವಳು ಇವತ್ತೇ ಬಂದಿದ್ದಳು, ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.