ಹೆದರಿದ ಕೈಯ ಬಲ

ಆಲಮಟ್ಟಿ ಹಿನ್ನೀರು,
ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷ ಹಿಂದೆ ಕೂತು ಗಗನನೌಕೆಯ ನಕ್ಷೆ ಬಿಡಿಸುತ್ತಿರುವ ಹಿರಿಯರಿಗೆ,

ಮಹಾನಂದಾ ಹೂಗಾರಳ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ 'ಚಿಲಕ' ಎಂಬ ಪದವನ್ನು ನಾನೂ ಹೋದ ತಿಂಗಳಷ್ಟೇ ಕಲಿತೆ.

ನಮ್ಮ ಮನೆಗಳಲ್ಲಿ ಬಾಗಿಲಿಗೆ 'ಒಳಮನ' ಇರುತ್ತದೆ, ಅಂದರೆ ಯೋಚಿಸಬಲ್ಲ ಯಂತ್ರ. ಎರಡೂ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಬಂದರೆ ಅಡುಗೆಮನೆಯ ಬಾಗಿಲು ತಾನೇ ಸರಿಯುತ್ತದೆ. ಮಗು ಒಲೆಯತ್ತ ಹೋದರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಆರು ಜನರ ಹೊಸ ನೌಕೆಯನ್ನು ರೂಪಿಸುವಾಗ, ಬಾಗಿಲಿನ ಹೊಣೆ ಹೊತ್ತಿದ್ದ ನಾನು ತೂಕ ಉಳಿಸಲೆಂದು, ಬಾಗಿಲನ್ನು ಕೈಯಿಂದ ತೆರೆಯುವ ಹಳೆಯ ಕಾಲದ ಹಿಡಿಕೆಯನ್ನು ತೆಗೆಸಿಬಿಟ್ಟೆ. ಹನ್ನೊಂದು ಕಿಲೊ ಉಳಿಯಿತು. ಎಲ್ಲರೂ ಮೆಚ್ಚಿದರು.

ನೌಕೆಯನ್ನು ಮೇಲಿನಿಂದ ನೀರಿಗೆ ಬಿಟ್ಟು ನೋಡುವ ದಿನ ಒಳಗಿದ್ದವರು ಇಬ್ಬರೇ, ನಾನು ಮತ್ತು ಚಾಲಕಿ ದಾವಲಬಿ ನದಾಫ. ಸ್ವಲ್ಪ ಹೊತ್ತಿನ ಪರೀಕ್ಷೆಯೆಂದು ಉಸಿರಾಟದ ಗಾಳಿಯನ್ನೂ ಕಡಿಮೆಯೇ ತುಂಬಿದ್ದೆವು. ಇಳಿದದ್ದೇನೋ ಮೆತ್ತಗೇ. ಆದರೆ ಹೊರಗಿನ ಗಾಳಿಯನ್ನು ಅಳೆಯುವ ರಂಧ್ರಕ್ಕೆ ಹಿನ್ನೀರಿನ ಕೆಸರು ಮೆತ್ತಿಕೊಂಡಿತು. ಆಂಟೆನಾ ನೀರೊಳಗೆ ಸಿಕ್ಕು ನಮ್ಮ ಮಾತು ದಡಕ್ಕೆ ಮುಟ್ಟದಾಯಿತು. "ಹೊರಗೆ ಗಾಳಿಯಿಲ್ಲ. ಬಾಗಿಲು ತೆರೆಯಲಾಗದು," ಎಂದಿತು ಒಳಮನ, ಮಗುವನ್ನು ಮಲಗಿಸುವ ದನಿಯಲ್ಲಿ. ಕಿಟಕಿಯಾಚೆ ಹರಿಗೋಲಿನಲ್ಲಿ ಒಬ್ಬ ಮೀನುಗಾರನಿದ್ದ. ನಾವು ಗಾಜು ಬಡಿದು ಕೈಬೀಸಿದೆವು. ಅವನೂ ನಗುತ್ತ ಕೈಬೀಸಿದ.

"ಅಕ್ಕಾ, ಇದನ್ನ ಕೈಲೆ ತೆರಿಯಾಕ ಏನೂ ಇಲ್ಲೇನ?" ಎಂದಳು ದಾವಲಬಿ.

"ಇತ್ತವಾ. ನಾನ ತೆಗಿಸೀನಿ."

ಆಕೆ ಬೈಯಲಿಲ್ಲ. "ಹಂಗಾರ ಮಾತಾಡಬ್ಯಾಡ. ಉಸರು ಉಳಸ್ಕೊ," ಎಂದು ನನ್ನ ಕೈ ಹಿಡಿದು ಕೂತಳು.

ಐವತ್ತೆರಡನೆಯ ನಿಮಿಷಕ್ಕೆ ದಡದವರು ಬಂದು ನೌಕೆಯ ಗೋಡೆ ಕೊಯ್ದು ನಮ್ಮನ್ನು ಹೊರಗೆಳೆದರಂತೆ. ಅಷ್ಟರಲ್ಲಿ ನನಗೆ ಎಚ್ಚರವಿರಲಿಲ್ಲ.

ಮರುವಾರದ ಸಭೆಯಲ್ಲಿ, ರಂಧ್ರಕ್ಕೊಂದು ಜಾಲರಿ ಹಾಕಿದರೆ ಸಾಕೆಂದು ಯೋಜನೆಯ ಮುಖ್ಯಸ್ಥರು ತೀರ್ಮಾನಿಸಿದರು. ದಾವಲಬಿ ಎದ್ದು ನಿಂತಳು. "ಹಿಡಿಕಿ ಹಚ್ಚಿದ್ರ ನಾ ಹತ್ತತೀನ್ರಿ. ಇಲ್ಲಂದ್ರ ನಿಮ್ಮ ಮಗಳನ್ನ ಕೂಡಸ್ರಿ." ಹಿಡಿಕೆ ಬಂತು.

ನನ್ನ ನಿಜವಾದ ಭಯ ಶುರುವಾದದ್ದು ಆಮೇಲೆ. ನಿಮ್ಮ ಹಳೆಯ ನಕ್ಷೆಗಳನ್ನು ಹುಡುಕಿ ತೆಗೆದು, ಅವುಗಳಂತೆಯೇ ಹಿಡಿಕೆ ಮಾಡಿಸಿ, ಆರೂ ಯಾತ್ರಿಗಳಿಗೆ ಅಭ್ಯಾಸ ಮಾಡಿಸಿದೆ. ಆರಾಮಾಗಿದ್ದಾಗ ಎಲ್ಲರೂ ತಿರುಗಿಸಿದರು. ಒಂದು ದಿನ ಹೇಳದೆ ಕೇಳದೆ ಒಳಗೆ ಹೊಗೆ ಬಿಟ್ಟು, ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದೆ. ಇಬ್ಬರು ಹಿಡಿಕೆಯನ್ನು ಮುಟ್ಟಲೇ ಇಲ್ಲ. ಕೆಮ್ಮುತ್ತ ಬಾಗಿಲ ಮುಂದೆ ನಿಂತು, ಅದು ತಾನಾಗಿ ತೆರೆಯಲೆಂದು ಕಾದರು. ಹುಟ್ಟಿದಾಗಿನಿಂದ ಹಾಗೆಯೇ ಕಾದವರು ಅವರು. ಇನ್ನೊಬ್ಬನ ಕೈ ನಡುಗಿ ಜಾರಿತು. ಹಿಡಿಕೆಯನ್ನು ಸಡಿಲ ಮಾಡಿದರೆ ಹಾರಾಟದ ನಡುವೆ ಯಾರದೋ ಮೊಣಕೈ ತಾಗಿ ತೆರೆದುಕೊಂಡೀತು. ಬಿಗಿ ಮಾಡಿದರೆ ಆರೂ ಜನ ಒಳಗೇ ಉಸಿರುಕಟ್ಟಿ ಹೋದಾರು. ಉಡಾವಣೆಗೆ ಇನ್ನು ಒಂಬತ್ತೇ ದಿನ. ಎರಡು ಸಲ ಹಿಡಿಕೆಯ ಸ್ಪ್ರಿಂಗ್ ಬದಲಿಸಿದ್ದೇನೆ. "ಈಗ ಬರೋಬರಿ ಐತೇನಕ್ಕ?" ಎಂದು ದಾವಲಬಿ ಕೇಳುತ್ತಾಳೆ. ಹೂಂ ಎನ್ನುತ್ತೇನೆ. ನನಗೆ ಗೊತ್ತಿಲ್ಲ.

ನಿಮ್ಮ ನಕ್ಷೆಗಳ ಅಂಚಿನಲ್ಲಿ ಗಂಡಸಿನ ಕೈಯ ಬಲವಿದೆ, ಹೆಂಗಸಿನ ಕೈಯ ಬಲವಿದೆ, ಕೈಗವಸು ತೊಟ್ಟ ಕೈಯದೂ ಇದೆ. ಹೆದರಿದ ಕೈಯದು ಎಲ್ಲಿಯೂ ಇಲ್ಲ. ನನಗೆ ಅಳೆಯಲು ಸಮಯ ಉಳಿದಿಲ್ಲ. ನಿಮಗೆ ಇನ್ನೂರು ವರ್ಷವಿದೆ. ದಯವಿಟ್ಟು ಅಳೆದು, ಅದೇ ಅಂಚಿನಲ್ಲಿ ಬರೆದಿಡಿ.

ನಾಳೆ ಬೆಳಿಗ್ಗೆ ಆ ನಕ್ಷೆಗಳನ್ನು ಮತ್ತೊಮ್ಮೆ ತೆರೆದು ನೋಡುತ್ತೇನೆ.

ಇಂತಿ,
ಮಹಾನಂದಾ