ಕುರಿ ಕಡಿಮೆಯಾದ ಕಾರಣ

ಕೋಕ್-ಸಾಯ್ ಗ್ರಾಮ, ಕಿರ್ಗಿಸ್ತಾನ

ಎರ್ಮೆಕ್ ಅವರೇ,

ವಿಧವೆಯರಿಗೆ ಕುರಿ ಕೊಡುವ ಯೋಜನೆಯ ಬಗ್ಗೆ ನಿಮ್ಮ ಮೌಲ್ಯಮಾಪನ ವರದಿ ತಲುಪಿತು. ‘ಕುರಿಗಳ ಸಂಖ್ಯೆ ಇಳಿದಿದೆ, ಕಾರಣ ತಿಳಿದಿಲ್ಲ, ಪರಿಶೀಲನೆಗೆ ಇನ್ನೊಂದು ತಂಡ ಬರಲಿದೆ’ ಎಂದು ಬರೆದಿದ್ದೀರಿ. ಓದಿ ಹಣೆ ಚಚ್ಚಿಕೊಂಡೆ.

ಕಾರಣ ನಿಮಗೆ ನಿಜಕ್ಕೂ ತಿಳಿಯಲಿಲ್ಲವೇ? ಯೋಜನೆಯಲ್ಲಿ ಕುರಿ ಪಡೆದ ಬೂರುಲ್ ಮನೆಯಲ್ಲಿ ಕೂತು ಊಟ ಮಾಡಿದವರು ನೀವೇ. ನಿಮಗಿಂತ ಮೊದಲು ಅಂಕಿಅಂಶದವರು ಬಂದಾಗ ಒಂದು ಕುರಿ ಕೊಯ್ಯಿಸಿದ್ದಳು, ಯೋಜನಾ ತಜ್ಞರು ಬಂದಾಗ ಇನ್ನೊಂದು. ದೊಡ್ಡ ಅತಿಥಿಯೆಂದು ಮೂರನೆಯದನ್ನೂ ಕೊಯ್ಯಿಸಿ ಅದರ ಬೇಯಿಸಿದ ತಲೆಯನ್ನು ನಿಮ್ಮ ಮುಂದೆಯೇ ಇಟ್ಟಳಲ್ಲ!

“ಈ ಸಲ ಚಹಾ, ರೊಟ್ಟಿ ಕೊಟ್ಟು ಕಳಿಸು ಮಾರಾಯ್ತಿ” ಎಂದು ನಿನ್ನೆ ಹೇಳಿ ನೋಡಿದೆ.

“ಅಷ್ಟು ದೂರದಿಂದ ನನ್ನ ಕಷ್ಟ ಕೇಳೋಕೆ ಬರ್ತಾರೆ, ಬರೀ ಹೊಟ್ಟೇಲಿ ಕಳಿಸ್ಲಾ? ನಿಂಗೇನಕ್ಕಾ, ಮರ್ಯಾದೆ ಹೋಗೋದು ನಂದು” ಎಂದು ನನ್ನನ್ನೇ ಗದರಿಸಿದಳು.

ನಿಮಗೆ ಬೇಕಾದ ಅಂಕಿಗಳನ್ನೆಲ್ಲ ಫೋನಿನಲ್ಲಿ ನಾನೇ ಹೇಳುತ್ತೇನೆ. ದಯವಿಟ್ಟು ತಂಡ ಕಳಿಸಬೇಡಿ. ತಂಡ ಬರುವ ಸುದ್ದಿ ಅವಳ ಕಿವಿಗೆ ಬಿದ್ದಾಗಿದೆ; ಉಳಿದಿರುವ ಒಂದೇ ಒಂದು ಕುರಿಗೆ ಬೆಳಗಿನಿಂದ ಕೈಯಾರೆ ಮೇವು ತಿನ್ನಿಸುತ್ತಿದ್ದಾಳೆ.

ಅದು ಗಬ್ಬದ ಕುರಿ.

ಇತಿ,
ಉಮ್ಸುನಾಯ್
ಗ್ರಾಮಾಡಳಿತದ ಮುಖ್ಯಸ್ಥೆ